ಜಗ್ಗು, ಓಪಲ್, ಜಗ್ಗು!

ಡಾಕ್ಟರು ಡಾಯ್ಲ್‌ನ ಮಂಡಿ ಕೊಯ್ದು ಲೋಹದ ಮಂಡಿ ಕೂರಿಸಿದ್ದು ಬುಧವಾರ. ಅದೇ ಸಂಜೆ ನನ್ನ ಗಂಡ ಗಾರ್ಲಂಡ್ ಅಡುಗೆಮನೆಗೆ ಬಂದು, ಫ್ರಿಜ್ಜಿಗೆ ಒರಗಿ ನಿಂತು, ನನ್ನ ಮುಖ ನೋಡದೆ, "ಶನಿವಾರ ನಿಂಗೇನಾದ್ರೂ ಕೆಲ್ಸ ಇದ್ಯಾ?" ಎಂದು ಕೇಳಿದ. ನಮ್ಮ ಮದುವೆಯಾಗಿ ಮೂವತ್ತು ವರ್ಷದ ಮೇಲಾಯಿತು. ಶನಿವಾರ ನನಗೆ ಏನು ಕೆಲಸ ಎಂದು ಅವನು ಕೇಳಿದ್ದು ಅದೇ ಮೊದಲು.

ವಿಷಯ ಇಷ್ಟೇ. ನಮ್ಮ ಕೆಂಟಕಿ ಸರೋವರದ ಬಾಸ್ ಮೀನಿನ ಕ್ಲಬ್ಬಿನಲ್ಲಿ ದೋಣಿಗೆ ಇಬ್ಬಿಬ್ಬರು. ವರ್ಷವಿಡೀ ನಡೆಯುವ ಪಂದ್ಯಗಳ ಅಂಕ ಕೂಡಿಸಿ ಕೊನೆಗೆ ಒಂದು ಜೋಡಿಗೆ ಫಲಕ ಕೊಡುತ್ತಾರೆ. ಗಾರ್ಲಂಡ್ ಮತ್ತು ಅವನ ದೋಣಿಯ ಜೊತೆಗಾರ ಡಾಯ್ಲ್ ಈ ಸಲ ಎಲ್ಲರಿಗಿಂತ ಮುಂದಿದ್ದರು. ಕೊನೆಯ ಪಂದ್ಯ ಒಂದೇ ಬಾಕಿ. ಒಬ್ಬನೇ ಹೋಗುವ ಹಾಗಿಲ್ಲ, ಬದಲಿಗೆ ಇನ್ನೊಬ್ಬರನ್ನು ಕೂರಿಸಿಕೊಳ್ಳಬಹುದು. ಊರಿನ ಗಂಡಸರೆಲ್ಲ ಆಗಲೇ ತಮ್ಮ ತಮ್ಮ ದೋಣಿ ಸೇರಿದ್ದರು. ಉಳಿದವಳು ನಾನು.

"ಹಿಂದುಗಡೆ ಸೀಟಲ್ಲಿ ಕೂತಿರು, ಸಾಕು," ಎಂದ.

"ಯಾಕೆ, ನಾನು ಮೀನು ಹಿಡೀಬಾರ್ದಾ?"

"ಹಿಡಿ, ಹಿಡಿ. ಬೇಡ ಅಂದೋರ್ಯಾರು? ಒಂದು ಕೋಲು ರೆಡಿ ಮಾಡಿ ಇಡ್ತೀನಿ ಬಿಡು."

ಬೇಡ ಎಂದವರು ಯಾರೂ ಇರಲಿಲ್ಲ, ನಿಜ. ಆದರೆ ಆ "ಹಿಡಿ, ಹಿಡಿ"ಯಲ್ಲಿ ಮಗುವಿನ ಕೈಗೆ ಖಾಲಿ ಪಾತ್ರೆ ಕೊಟ್ಟು ಅಡುಗೆ ಮಾಡು ಎನ್ನುವ ಧಾಟಿಯಿತ್ತು. ನಾನು ಅಲ್ಲೇ ತೀರ್ಮಾನ ಮಾಡಿದೆ. ಅವನ ಫಲಕ ಅವನಿಗಿರಲಿ. ಆ ದೋಣಿಯ ಮೀನಿನ ತೊಟ್ಟಿಯಲ್ಲಿ ನಾನು ಹಿಡಿದ ಒಂದು ಮೀನು ಇರಬೇಕು. ಒಂದೇ ಸಾಕು, ಆದರೆ ಇರಬೇಕು.

ನಾನು ಮೀನು ಹಿಡಿಯಲು ಬಾರದವಳಲ್ಲ. ಈ ನೀರಿನ ದಡದಲ್ಲೇ ಹುಟ್ಟಿ, ಅಮ್ಮನ ಜೊತೆ ಬಿದಿರಿನ ಕೋಲು ಹಿಡಿದು ಕ್ರಾಪಿ ಮೀನು ಹಿಡಿಯುತ್ತ ಬೆಳೆದವಳು. ಶಾಲೆಯ ಅಡುಗೆಮನೆಯಿಂದ ನಿವೃತ್ತಳಾದ ಮೇಲೆ ಈಗಲೂ ವಸಂತದಲ್ಲಿ ವಾರಕ್ಕೊಂದು ದಿನವಾದರೂ ನಮ್ಮ ಮನೆಯಲ್ಲಿ ಕ್ರಾಪಿ ಹುರಿಯುವುದು ನನ್ನ ಕೈಗುಣದಿಂದ, ಗಾರ್ಲಂಡನ ಕೈಗುಣದಿಂದಲ್ಲ. ಆದರೆ ಕ್ರಾಪಿಯ ಬಾಯಿ ಕಾಗದದಷ್ಟು ತೆಳು. ಜೋರಾಗಿ ಎಳೆದರೆ ತುಟಿ ಹರಿದು ಮೀನು ನೀರಿಗೆ, ಗಾಳ ಗಾಳಿಗೆ. "ಮಲಗಿರೋ ಕೂಸನ್ನ ಎತ್ತೋ ಹಾಗೆ ಎತ್ತು," ಎನ್ನುತ್ತಿದ್ದಳು ಅಮ್ಮ. ಅದು ನನ್ನ ಮೊಣಕೈಗೆ ಇಳಿದುಹೋಗಿದೆ. ಬಾಸ್‌ನ ಬಾಯಿಯೋ ಹಳೇ ಬೂಟಿನ ಚರ್ಮ. ಅದಕ್ಕೆ ಹಾಕುವುದು ರಬ್ಬರ್ ಹುಳ. ನೀರಡಿಯ ಮರದ ಬೊಡ್ಡೆಗಳಿಗೆ ಸಿಕ್ಕಿಕೊಳ್ಳದಿರಲೆಂದು ಗಾಳದ ಮೊನೆಯನ್ನು ಆ ಹುಳದ ಮೈಯೊಳಗೇ ಅಡಗಿಸಿಡುತ್ತಾರೆ. ಮೀನು ಕಚ್ಚಿದಾಗ ನಾವು ಜಗ್ಗುವ ಜಗ್ಗಿಗೆ ಮೊನೆ ರಬ್ಬರನ್ನು ಸೀಳಿ ಹೊರಬಂದು ಆಮೇಲೆ ದವಡೆಗೆ ಇಳಿಯಬೇಕು. ಕೂಸನ್ನು ಎತ್ತಿದ ಹಾಗೆ ಎತ್ತಿದರೆ ಅಲ್ಲಿ ಏನೂ ಆಗುವುದಿಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದರೂ ಗಾರ್ಲಂಡ್ ಶನಿವಾರ ದೋಣಿ ನೀರಿಗಿಳಿಸಿದಾಗಿನಿಂದ ಹೇಳಿದ, ದೊಡ್ಡ ಮೋಟರಿನ ಗದ್ದಲದಲ್ಲೂ ಕಿರುಚಿ ಹೇಳಿದ, ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳೇ ರಸ್ತೆಯ ಮೇಲೆ ದೋಣಿ ನಿಲ್ಲಿಸಿ ಇನ್ನೊಮ್ಮೆ ಹೇಳಿದ.

"ಟಕ್ ಟಕ್ ಅಂತ ಕೈಗೆ ಬಂತಾ, ಕೋಲಿನ ತುದಿ ಕೆಳಗಿಳಿಸು. ಸಡಿಲ ಇರೋ ದಾರ ಸುತ್ಕೋ. ಆಮೇಲೆ ಜಗ್ಗು. ಹೆಂಗೆ ಜಗ್ಬೇಕು?"

"ಜೋರಾಗಿ."

"ಜೋರಾಗಿ ಅಲ್ಲ ಕಣೇ. ಅದರ ಎರಡೂ ಕಣ್ಣು ಮೂಗಿನ ಹತ್ರ ಬಂದು ಸೇರೋ ಹಾಗೆ!"

ಅವನು ದೋಣಿಯ ಮೂತಿಯ ಹಲಗೆಯ ಮೇಲೆ ನಿಂತು ಕಾಲಿನಿಂದ ಪುಟ್ಟ ಮೋಟರ್ ಒತ್ತುತ್ತ ದೋಣಿಯನ್ನು ತನಗೆ ಬೇಕಾದ ಕಡೆ ತಿರುಗಿಸುತ್ತಿದ್ದ. ಒಳ್ಳೆ ಜಾಗವೆಲ್ಲ ಅವನಿಗೆ, ಅವನು ಗಾಳ ಹಾಕಿ ಮುಗಿಸಿದ ಜಾಗ ನನಗೆ. ಅವನ ಪಕ್ಕದಲ್ಲಿ ಅವನ ಕೋಲುಗಳು ಸಾಲಾಗಿ ಮಲಗಿದ್ದವು, ದಪ್ಪ ಬೆನ್ನಿನವು, ಒಂದೊಂದೂ ಮಗುವಿನ ಹಾಗೆ ಒರೆಸಿ ಇಟ್ಟವು. ನನ್ನ ಕೈಯಲ್ಲಿ ಅವನು ತಯಾರು ಮಾಡಿಕೊಟ್ಟ ಒಂದು ಕೋಲು.

ಮೊದಲ ಕಚ್ಚು ನನಗೇ ಬಂತು. ಟಕ್, ಆಮೇಲೆ ಇನ್ನೊಂದು ಟಕ್, ಆಮೇಲೆ ದಾರ ಮೆಲ್ಲನೆ ಪಕ್ಕಕ್ಕೆ ಸರಿಯಿತು. ನನ್ನ ಮೊಣಕೈ ಅಮ್ಮನ ಮಾತು ಕೇಳಿತು, ಕೋಲು ಮೇಲಕ್ಕೆ ಹೋಯಿತು, ಮೀನು ಹುಳ ಬಿಟ್ಟು ತನ್ನ ದಾರಿ ಹಿಡಿಯಿತು.

"ಅಯ್ಯೋ, ಏನದು? ಮೀನಿಗೆ ಜೋಗುಳ ಹಾಡ್ತಿದ್ದೀಯಾ?"

"ಗೊತ್ತಾಯ್ತು, ಗಾರ್ಲಂಡ್."

"ಜಗ್ಗು ಅಂದ್ರೆ ಜಗ್ಬೇಕು!"

ಎರಡನೇ ಸಲ ನಾನು ಜಗ್ಗಿದೆ. ಸೊಂಟ ತಿರುಗಿಸಿ, ಸಿಟ್ಟನ್ನೂ ಸೇರಿಸಿ ಜಗ್ಗಿದೆ. ಕೋಲು ಬಾಗಿತು, ಬಾಗಿತು, ಇನ್ನೂ ಬಾಗಿತು, ಆಮೇಲೆ ಥಟ್ಟನೆ ನೆಟ್ಟಗಾಯಿತು. ಹುಳ ನೀರಿನಿಂದ ಹಾರಿ ಬಂದು ಗಾರ್ಲಂಡನ ಟೋಪಿಗೆ ಚಪ್ಪೆಂದು ಬಡಿಯಿತು. ಅವನು ಟೋಪಿ ತೆಗೆದು ನೋಡಿದ, ನನ್ನನ್ನು ನೋಡಿದ.

"ದಾರ ಸುತ್ತದೆ ಜಗ್ಗಿದೆ ನೀನು. ಸಡಿಲ ಇತ್ತು."

"ಸುತ್ತಿದ್ದೆ."

"ಸುತ್ತಿದ್ರೆ ಮೀನು ಎಲ್ಲಿ?"

ನಾನು ಹುಳವನ್ನು ಮತ್ತೆ ನೀರಿಗೆಸೆದೆ. ಅವನಿಗೆ ಅಷ್ಟರಲ್ಲಿ ಮೂರ್ನಾಲ್ಕು ಸಿಕ್ಕಿದ್ದವು, ಎಲ್ಲ ಪುಟ್ಟವು, ಅಳತೆಗೆ ಸರಿಯಾಗಿ ಬಂದವು. ದೋಣಿಗೆ ಐದೇ ಮೀನು, ದೊಡ್ಡದು ಸಿಕ್ಕರೆ ಚಿಕ್ಕದನ್ನು ಬಿಡಬೇಕು. ಅವನಿಗೆ ಐದು ತುಂಬಿತು, ಆದರೆ ತೂಕವಿರಲಿಲ್ಲ. ಅವನ ಮುಖದಲ್ಲಿ ಫಲಕ ಕೈಜಾರುವ ಹೆದರಿಕೆ ಕಾಣತೊಡಗಿತು, ಅದನ್ನೂ ನನ್ನ ಮೇಲೆಯೇ ತೀರಿಸಿಕೊಂಡ. ನಾನು ಹಾಕಿದರೆ ದೂರ ಆಯಿತು ಎನ್ನುತ್ತಿದ್ದ. ಹಾಕದಿದ್ದರೆ ನಿದ್ದೆ ಮಾಡ್ತಿದ್ದೀಯಾ ಎನ್ನುತ್ತಿದ್ದ. ನನ್ನ ದಾರ ಅಲ್ಲಾಡಿದರೆ ನನಗಿಂತ ಮೊದಲು ಅವನೇ ಕೂಗುತ್ತಿದ್ದ: "ಜಗ್ಗು, ಓಪಲ್, ಜಗ್ಗು!" ಆ ಕೂಗಿಗೆ ಬೆಚ್ಚಿ ನಾನು ಬೊಡ್ಡೆಗೂ ಜಗ್ಗಿದೆ, ಕಳೆಗೂ ಜಗ್ಗಿದೆ, ಒಮ್ಮೆ ಏನೂ ಇಲ್ಲದ್ದಕ್ಕೂ ಜಗ್ಗಿದೆ.

ಪಕ್ಕದಿಂದ ಹಾಲಿಸ್‌ನ ದೋಣಿ ಹಾದುಹೋಯಿತು. ಹಾಲಿಸ್ ನಮ್ಮ ಮಗಳ ವಯಸ್ಸಿನವನು, ಅಂಕಪಟ್ಟಿಯಲ್ಲಿ ಗಾರ್ಲಂಡನ ಬೆನ್ನಿಗೇ ಇದ್ದವನು.

"ಮಿಸ್ ಓಪಲ್, ಹೇಗಿದೆ? ಏನಾದ್ರೂ ಕಚ್ತಾ?" ಮದುವೆಯಾದ ಹಿರಿಯರನ್ನೂ ನಮ್ಮ ಕಡೆ ಮಿಸ್ ಎಂದೇ ಕರೆಯುತ್ತಾರೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಗಾರ್ಲಂಡ್ ಹೇಳಿದ, "ಕಚ್ತಾ ಇದೆಯಪ್ಪ, ಕಚ್ಚಿದ್ದಕ್ಕೆಲ್ಲ ಕೈಬೀಸಿ ಕಳಿಸಿಕೊಡ್ತಾ ಇದ್ದಾಳೆ."

ಇಬ್ಬರೂ ನಕ್ಕರು. ನಾನು ಬೊಲೋನಿ ಮಾಂಸದ ಸ್ಯಾಂಡ್‌ವಿಚ್ಚಿನ ಪೊಟ್ಟಣ ಬಿಚ್ಚಿ ಒಂದನ್ನು ತಿಂದೆ, ಅವನಿಗೆ ಕೊಡಲಿಲ್ಲ.

ಆಮೇಲೆ ಮೂರನೆಯದು ಕಚ್ಚಿತು. ಅದರಲ್ಲಿ ನಾನು ಒಂದು ತಪ್ಪೂ ಮಾಡಲಿಲ್ಲ. ಟಕ್ ಎಂದಿತು, ತುದಿ ಇಳಿಸಿದೆ. ದಾರ ಸುತ್ತಿದೆ, ಮೀನಿನ ಭಾರ ಕೈಗೆ ಬರುವವರೆಗೂ ಸುತ್ತಿದೆ. ಆಮೇಲೆ ಬೆನ್ನು, ಭುಜ, ತೊಡೆ ಎಲ್ಲ ಸೇರಿಸಿ ಜಗ್ಗಿದೆ. ಮೀನು ಬಂತು! ತಲೆ ಒದರುತ್ತ ಮೇಲೆ ಬಂತು, ನೀರಿನಿಂದ ಎದ್ದು ಬಾಯಿ ಅಗಲಿಸಿತು. ಆ ಬಾಯಲ್ಲಿ ನನ್ನ ಎರಡು ಮುಷ್ಟಿ ಹಿಡಿಸುತ್ತಿತ್ತು. ಬಾಯಿ ಅಗಲಿಸಿ ಹುಳವನ್ನು ಹೀಗೆ ಉಗುಳಿತು, ತಂಬಾಕು ಉಗುಳಿದ ಹಾಗೆ. ಆಮೇಲೆ ಬರೀ ನೀರು.

ಗಾರ್ಲಂಡ್ ಕೈಬಲೆ ಹಿಡಿದು ಓಡಿ ಬಂದಿದ್ದ. ಖಾಲಿ ಬಲೆ ಹಿಡಿದುಕೊಂಡೇ ನಿಂತ.

"ಅದೇ ಫಲಕ," ಎಂದ. "ಈಗ ಹೋಯ್ತಲ್ಲ, ಅದೇ ಫಲಕ."

ನಾನು ದಾರವನ್ನು ಪೂರ್ತಿ ಸುತ್ತಿಕೊಂಡೆ. ಕೂತು ಹುಳವನ್ನು ಕೈಗೆತ್ತಿಕೊಂಡೆ. ಅದರ ಮೈತುಂಬ ಮೀನಿನ ಹಲ್ಲಿನ ಗೀರು. ಗಾಳದ ಮೊನೆ ಎಲ್ಲಿ? ಬೆರಳಿಟ್ಟು ಹುಡುಕಿದೆ. ಮೊನೆ ಹುಳದ ಒಳಗೇ ಇತ್ತು. ಬೆಳಿಗ್ಗೆ ಅವನು ಅಡಗಿಸಿಟ್ಟಲ್ಲೇ, ಹಾಗೇ, ಬೆಚ್ಚಗೆ. ನಾನು ಅಷ್ಟು ಜಗ್ಗಿದ್ದು ಆ ಮೊನೆಗೆ ತಲುಪಿಯೇ ಇರಲಿಲ್ಲ.

ಹುಳವನ್ನು ದೋಣಿಯ ಕಟ್ಟುಗೂಟಕ್ಕೆ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು ಜಗ್ಗಿ ನೋಡಿದೆ. ಕೋಲು ಹಿಡಿಯವರೆಗೂ ಬಾಗಿತು. ದಾರ ಹಿಗ್ಗಿತು. ರೀಲು ಕಿರ್ರೆಂದು ಒಂದಿಷ್ಟು ದಾರ ಬಿಟ್ಟುಕೊಟ್ಟಿತು. ಗಾಳಕ್ಕೆ ಹೋದದ್ದು ಏನೂ ಇಲ್ಲ. ಇದು ಕ್ರಾಪಿ ಹಿಡಿಯುವ ಕೋಲಿಗೆ ಅಣ್ಣನೋ ತಮ್ಮನೋ ಆಗಬೇಕು. ಅದಕ್ಕೆ ಕಟ್ಟಿದ್ದು ನನ್ನ ಹೆಬ್ಬೆರಳಿನಷ್ಟು ದಪ್ಪದ ಹುಳ, ಬಾಗಿಲ ಚಿಲಕದಂಥ ಗಾಳ.

"ಗಾರ್ಲಂಡ್, ಈ ಕೋಲಲ್ಲಿ ಶಕ್ತಿ ಇಲ್ಲ. ಮೊನೆ ರಬ್ಬರ್ ದಾಟಿ ಆಚೆ ಬರ್ತಾನೇ ಇಲ್ಲ. ಬಾ ಇಲ್ಲಿ, ನೋಡು."

ಅವನು ತಿರುಗಿಯೂ ನೋಡಲಿಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ನಿನ್ನ ಕೋಲಲ್ಲಿ ಒಂದು ಕೊಡು."

"ಅವು ನನ್ನ ಕೈಗೆ ಹೊಂದ್ಕೊಂಡಿವೆ ಕಣೇ. ಡಾಯ್ಲ್‌ಗೂ ಕೊಡಲ್ಲ ನಾನು."

"ಡಾಯ್ಲ್ ತನ್ನದು ತಾನೇ ತರ್ತಾನೆ. ನಂಗೆ ನೀನು ಕಟ್ಟಿಕೊಟ್ಟಿದ್ದು ಇದು."

"ಟೈಮ್ ಇಲ್ಲ ಓಪಲ್. ಸುಮ್ನೆ ಗಾಳ ಹಾಕು."

ಮೈಯೆಲ್ಲ ಉರಿದುಹೋಯಿತು. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎನ್ನುತ್ತಾರಲ್ಲ, ಕಲ್ಲಾದರೂ ಮಳೆಗೆ ಎದುರುತ್ತರ ಕೊಡುವುದಿಲ್ಲ. ಇವನು ಗಾದೆ ಹೇಳುತ್ತಾನೆ. ನಾನು ಕೆಟ್ಟ ಕೋಲನ್ನು ಹಿಡಿದು, ನೀರಿಗೆ ಹುಳ ಹಾಕದೆ, ಸುಮ್ಮನೆ ಕೂತೆ. ಸುಮ್ಮನೆ ಕೂತರೂ ತಪ್ಪು, "ಮುನಿಸ್ಕೋಬೇಡ, ಪಂದ್ಯದಲ್ಲಿ ಮುನಿಸಿಗೆ ಜಾಗ ಇಲ್ಲ," ಎಂದ.

ತೂಕಕ್ಕೆ ವಾಪಸಾಗುವ ಹೊತ್ತು ಹತ್ತಿರವಾದಾಗ ಮುಂದಿನ ಪುಟ್ಟ ಮೋಟರಿನ ರೆಕ್ಕೆಗೆ ಕಳೆ ಸುತ್ತಿಕೊಂಡಿತು. ಗಾರ್ಲಂಡ್ ಮೊಣಕಾಲೂರಿ, ಬೈಯುತ್ತ, ಚಾಕು ಹಿಡಿದು ಅದನ್ನು ಬಿಡಿಸಲು ಕೂತ. ಅವನ ಕೋಲುಗಳು ಅವನ ಬೆನ್ನ ಹಿಂದಿದ್ದವು, ನಾನು ಮೆಲ್ಲನೆ ಮುಂದೆ ಹೋದೆ. ಹುಳ ಕಟ್ಟಿದ ದಪ್ಪ ಕೋಲನ್ನು ಎತ್ತಿಕೊಂಡೆ. ಕೈಗೆ ಬಂದ ಕೂಡಲೇ ವ್ಯತ್ಯಾಸ ತಿಳಿಯಿತು, ಪೊರಕೆ ಬಿಟ್ಟು ಗುದ್ದಲಿ ಹಿಡಿದಂತಾಯಿತು. ಹಳೇ ರಸ್ತೆಯ ಅಂಚಿನಲ್ಲಿ ಬೊಡ್ಡೆಯಿದ್ದ ಕಡೆ ಹಾಕಿದೆ. ಸೀಸದ ಗುಂಡು ತಳ ಮುಟ್ಟಿತು. ಎಳೆದೆ, ಬಿಟ್ಟೆ. ಬೊಡ್ಡೆ ಹತ್ತಿಸಿದೆ, ಇಳಿಸಿದೆ.

"ಏಯ್, ಅದು ನನ್ನ..." ಗಾರ್ಲಂಡ್ ಕಳೆ ಹಿಡಿದ ಕೈಯಲ್ಲೇ ಎದ್ದ. ಆಗಲೇ ದಾರ ಒಂದಿಷ್ಟು ನಡುಗಿತು. "ಜಗ್ಗು, ಓಪಲ್, ಜ..."

"ಬಾಯ್ಮುಚ್ಚು, ಗಾರ್ಲಂಡ್."

ಅವನು ಬಾಯಿ ಮುಚ್ಚಿದ. ಬೆರಗಿನಿಂದ ಮುಚ್ಚಿದನೋ ಏನೋ. ಆ ಮೌನದಲ್ಲಿ ನನಗೆ ಎಲ್ಲ ತಿಳಿಯಿತು. ಅದು ಟಕ್ ಕೂಡ ಅಲ್ಲ, ಹುಳ ಸ್ವಲ್ಪ ಭಾರವಾಯಿತು ಅಷ್ಟೇ. ಅಂಥ ಕಚ್ಚು ಕಾಗದದ ಬಾಯಿಯ ಮೀನು ಹಿಡಿದವರ ಕೈಗೆ ಗೊತ್ತಾಗುತ್ತದೆ. ಕಾದೆ. ತುದಿ ಇಳಿಸಿದೆ. ಸುತ್ತಿದೆ. ಜಗ್ಗಿದೆ.

ಈ ಸಲ ಆ ಜಗ್ಗು ನನ್ನ ಹಿಮ್ಮಡಿಯಿಂದ ಹೊರಟು ಸೀದಾ ಅದರ ದವಡೆಗೆ ಹೋಯಿತು. ಆ ಕಡೆ ಏನೋ ಗಟ್ಟಿಯಾದದ್ದು ತಡೆದು ನಿಂತಿತು, ಆಮೇಲೆ ಕೋಪದಿಂದ ಓಡಿತು. ನಾನು ಕೂಗಿದೆ, ಏನು ಕೂಗಿದೆನೋ ನೆನಪಿಲ್ಲ, ಭಾನುವಾರ ಚರ್ಚಿನಲ್ಲಿ ಹೇಳುವಂಥದ್ದಂತೂ ಅಲ್ಲ. ಗಾರ್ಲಂಡ್ ಬಲೆ ತಂದ. "ಎಳೀಬೇಡ, ಬಿಡಬೇಡ, ಸಡಿಲ ಕೊಡಬೇಡ," ಎಂದು ಗೊಣಗುತ್ತಲೇ ಇದ್ದ, ಆದರೆ ಬಲೆ ಮಾತ್ರ ಸರಿಯಾಗಿ ಒಡ್ಡಿದ. ಮೀನು ದೋಣಿಯೊಳಗೆ ಬಿತ್ತು. ಗಾಳ ಮೇಲ್ದವಡೆಯಲ್ಲಿ ಎಷ್ಟು ಆಳಕ್ಕೆ ಕೂತಿತ್ತೆಂದರೆ ಅದನ್ನು ತೆಗೆಯಲು ಅವನು ಇಕ್ಕಳ ಹುಡುಕಬೇಕಾಯಿತು. ಬೆಳಿಗ್ಗೆ ಹೋದದ್ದಕ್ಕಿಂತ ಸ್ವಲ್ಪ ಚಿಕ್ಕದೇ, ಆದರೆ ಅವನ ಯಾವ ಮೀನಿಗೂ ಅದರ ಪಕ್ಕ ನಿಲ್ಲುವ ಯೋಗ್ಯತೆ ಇರಲಿಲ್ಲ. ಅವನ ಐದರಲ್ಲಿ ತೀರಾ ಚಿಕ್ಕದನ್ನು ನೀರಿಗೆ ಬಿಟ್ಟು, ನಾನೇ ಇದನ್ನು ತೊಟ್ಟಿಗೆ ಇಳಿಸಿದೆ, ನಾನೇ ಮುಚ್ಚಳ ಮುಚ್ಚಿದೆ.

ನಾವು ಗೆದ್ದೆವು. ತೂಕದ ಕಟ್ಟೆಯಲ್ಲಿ ಹಾಲಿಸ್‌ನ ಚೀಲ ಮೊದಲು ಏರಿತು, ಆಮೇಲೆ ನಮ್ಮದು, ನಮ್ಮದೇ ಭಾರ. ಫಲಕದಲ್ಲಿ ಗಾರ್ಲಂಡ್ ಮತ್ತು ಡಾಯ್ಲ್ ಹೆಸರು ಕೆತ್ತಿಸುತ್ತಾರೆ, ಬದಲಿಯವರ ಹೆಸರು ಕೆತ್ತಿಸುವ ಪದ್ಧತಿಯಿಲ್ಲ. ಅದು ನನಗೆ ಬೇಕೂ ಇರಲಿಲ್ಲ. ಗೆದ್ದವರು ಮೈಕ್ ಹಿಡಿದು ದೊಡ್ಡ ಮೀನಿನ ಕತೆ ಹೇಳುವುದು ನಮ್ಮಲ್ಲಿ ರೂಢಿ. ಮೈಕ್ ಗಾರ್ಲಂಡನ ಕೈಗೆ ಬಂತು. ನಾನು ಪಕ್ಕದಲ್ಲಿ ಮೀನು ಎತ್ತಿ ಹಿಡಿದು ನಿಂತಿದ್ದೆ. ಇವಳು ನನ್ನ ಕೋಲು ಕಿತ್ತುಕೊಂಡು ಹಿಡಿದಳು ಎನ್ನುತ್ತಾನೆ, ಜನ ನಗುತ್ತಾರೆ, ಅಲ್ಲಿಗೆ ದಿನ ಮುಗಿಯುತ್ತದೆ ಎಂದುಕೊಂಡಿದ್ದೆ.

"ಏನ್ ಹೇಳ್ಲಿ," ಎಂದ ಗಾರ್ಲಂಡ್. "ಕ್ರಾಪಿ ಹಿಡಿಯೋ ಕೈ ಇವಳದ್ದು. ಬೆಳಿಗ್ಗೆಯಿಂದ ಒಂದಾದ ಮೇಲೊಂದು ಬಿಟ್ಲು. ನಾನು ಹೇಳ್ದೆ, ಹೇಳ್ದೆ, ಹೇಳ್ತಾನೇ ಇದ್ದೆ. ಕೊನೆಗೂ ತಲೆಗೆ ಹೋಯ್ತು!"

ಜನ ಚಪ್ಪಾಳೆ ತಟ್ಟಿದರು. ಅವನ ತಾಳ್ಮೆಗೆ ತಟ್ಟಿದರು! ಹಾಲಿಸ್ ಬಂದು ಅವನ ಬೆನ್ನು ತಟ್ಟಿ, "ನನ್ನ ಹೆಂಡತಿಗೂ ಒಂದು ದಿನ ಪಾಠ ಮಾಡಿ, ಗುರುಗಳೇ," ಎಂದ.

ನಾನು ಮೀನನ್ನು ನೀರಿನ ಚೀಲಕ್ಕೆ ಬಿಟ್ಟು, ಕೈ ಒರೆಸಿಕೊಂಡು, ದೋಣಿಗೆ ಹೋಗಿ ಆ ತೆಳು ಕೋಲನ್ನು ತಂದೆ. ಹುಳ, ಗಾಳ ಎಲ್ಲ ಬೆಳಿಗ್ಗೆ ಕಟ್ಟಿದ ಹಾಗೇ ಇದ್ದವು. ಹುಳವನ್ನು ನಮ್ಮ ಪಿಕಪ್ಪಿನ ಹಿಂಬಾಗಿಲ ಕೊಂಡಿಗೆ ಸಿಕ್ಕಿಸಿ ಕೋಲನ್ನು ಹಾಲಿಸ್‌ನ ಕೈಗೆ ಕೊಟ್ಟೆ.

"ಗುರುಗಳು ಹೇಳ್ಕೊಟ್ಟ ಹಾಗೆ ಜಗ್ಗಪ್ಪ. ಮೊನೆ ಆಚೆ ತೆಗಿ, ನೋಡೋಣ."

ಹಾಲಿಸ್ ನಗುತ್ತ ಜಗ್ಗಿದ. ಕೋಲು ಬಾಗಿತು, ರೀಲು ಕಿರ್ರೆಂದಿತು. ಇನ್ನೊಮ್ಮೆ ಜಗ್ಗಿದ, ಈ ಸಲ ನಗಲಿಲ್ಲ. ಮೂರನೆಯ ಸಲ ತೋಳಿನ ನರ ಉಬ್ಬಿಸಿ ಜಗ್ಗಿದ, ಸುತ್ತ ನಿಂತವರು ತಲೆಗೆ ಬಡಿದೀತೆಂದು ಹಿಂದೆ ಸರಿದರು. ಆಮೇಲೆ ಹೋಗಿ ಹುಳ ಬಿಡಿಸಿ ನೋಡಿದ. ಮೊನೆ ರಬ್ಬರಿನೊಳಗೇ ಇತ್ತು.

"ಇದನ್ನ ಕಟ್ಟಿದ್ದು ಯಾರು?" ಎಂದು ಕೇಳಿದ.

ಎಲ್ಲರೂ ಗಾರ್ಲಂಡನನ್ನು ನೋಡಿದರು. ಗಾರ್ಲಂಡ್ ದೋಣಿಯ ಪಟ್ಟಿ ಬಿಗಿಯಲು ಹೋದ. ಆಗಲೇ ಬಿಗಿದಿದ್ದ ಪಟ್ಟಿಯನ್ನು ಮತ್ತೆ ಬಿಗಿದ.

ಮನೆಗೆ ಹೊರಟೆವು. ಫಲಕ ನಮ್ಮಿಬ್ಬರ ನಡುವೆ ಸೀಟಿನ ಮೇಲೆ ಕೂತಿತ್ತು. ನಾನೇ ಕೇಳಿದೆ.

"ಆ ಕೋಲು ನಂಗ್ಯಾಕೆ ಕೊಟ್ಟೆ?"

"ಗ್ಯಾರೇಜಲ್ಲಿ ಗೋಡೆಗೆ ಒರಗಿತ್ತು. ನೀರಿಗೆ ಬಿದ್ರೂ ಹೋಗ್ಲಿ ಅನ್ನೋಂಥದ್ದು."

"ಅದಕ್ಕೆ ಅಷ್ಟು ದಪ್ಪ ಗಾಳ?"

"ಕೈಗೆ ಸಿಕ್ಕಿದ್ದು ಕಟ್ಟಿದೆ."

"ನಿಂಗೆ ಗೊತ್ತಿರ್ಲಿಲ್ವಾ, ಅದರಲ್ಲಿ ಜಗ್ಗಿದ್ರೆ ಗಾಳ ನಾಟಲ್ಲ ಅಂತ? ಊರಿಗೆಲ್ಲ ಹೇಳ್ಕೊಡೋನು ನೀನು."

ಅವನು ರಸ್ತೆ ನೋಡುತ್ತಿದ್ದ. ಅವನ ಕಿವಿ ಕೆಂಪಗಾಗಿತ್ತು. ಸುಳ್ಳು ಹೇಳುವುದು ಅವನಿಗೆ ಬರುವುದಿಲ್ಲ, ಅದೊಂದು ಒಳ್ಳೆಯ ಗುಣ.

"ಗೊತ್ತಿತ್ತು," ಎಂದ. "ಆದ್ರೆ ನಿಂಗೆ ಮೀನು ಕಚ್ಚುತ್ತೆ ಅಂತಾನೇ ನಾನು ಅಂದ್ಕೊಂಡಿರ್ಲಿಲ್ಲ, ಓಪಲ್."

ಈ ಮೂವತ್ತು ವರ್ಷಗಳಲ್ಲಿ ಅವನ ಬಾಯಿಂದ ಎಷ್ಟೋ ಬೈಗುಳ ಕೇಳಿದ್ದೇನೆ, ಇದು ಅವುಗಳಲ್ಲಿ ಒಂದಲ್ಲ. ಅವನು ಬಹಳ ಮೆತ್ತಗೆ ಹೇಳಿದ. ಅದಕ್ಕೇ ನೋವಾಯಿತು. ಬೆಳಗಿನಿಂದ ಜಗ್ಗು ಜಗ್ಗು ಎಂದು ಕಿರುಚಿದವನು, ಜಗ್ಗುವುದಕ್ಕೆ ನನ್ನ ಕೈಗೆ ಏನನ್ನೂ ಕೊಟ್ಟಿರಲಿಲ್ಲ. ಕೊಟ್ಟಿಲ್ಲವೆಂದು ತಿಳಿದೂ ಕಿರುಚಿದ್ದ.

"ಗಾಡಿ ನಿಲ್ಸು."

"ಇಲ್ಲೇನಾ?"

"ನಿಲ್ಸು."

ರಸ್ತೆ ಬದಿಗೆ ನಿಲ್ಲಿಸಿದ. ನಾನು ಇಳಿದು, ಹಿಂದೆ ಕಟ್ಟಿದ ದೋಣಿಗೆ ಹತ್ತಿ, ಅವನ ದಪ್ಪ ಕೋಲನ್ನು ಬಿಚ್ಚಿ ತಂದೆ. ಕ್ಯಾಬಿನ್ನಿನಲ್ಲಿ ಅದು ಹಿಡಿಸಲಿಲ್ಲ, ಕಿಟಕಿ ಇಳಿಸಿ ತುದಿಯನ್ನು ಹೊರಗೆ ಬಿಟ್ಟು ಹಿಡಿಯನ್ನು ತೊಡೆಯ ಮೇಲಿಟ್ಟುಕೊಂಡೆ. ಅವನು ಅದನ್ನು ನೋಡಿದ, ಗೇರ್ ಹಾಕಿದ. ಗಾಡಿ ಹೊರಟಿತು.

ಮನೆಯ ತಿರುವಿನ ಹತ್ತಿರ ಮೆಲ್ಲಗೆ ಎಂದ, "ಅದರ ದಾರ ಹಳೇದಾಗಿದೆ. ನಾಳೆ ಹೊಸದು ಸುತ್ತಿ, ಒಳ್ಳೆ ಗಾಳ ಕಟ್ಟಿಕೊಡ್ತೀನಿ."

"ಬೇಡ," ಎಂದೆ. "ಇನ್ಮೇಲೆ ನನ್ನ ಗಾಳ ನಾನೇ ಕಟ್ಕೋತೀನಿ."